ದೊಡ್ಡದಾಗಿ ಬೆಳೆಯುವ ಮೀನಿಗೆ ಎಂಥ ತೊಟ್ಟಿ ಬೇಕು?

ಅಂಗಡಿಯಲ್ಲಿ ಎರಡು ಅಂಗುಲದ ಮರಿಯಾಗಿ ಸಿಗುವ ಆಸ್ಕರ್ ಮೀನು ಒಂದೆರಡು ವರ್ಷಗಳಲ್ಲಿ ಸುಮಾರು ಒಂದು ಅಡಿ ಉದ್ದಕ್ಕೆ ಬೆಳೆಯುವುದರಿಂದ, ತೊಟ್ಟಿಯನ್ನು ಮರಿಯ ಅಳತೆಗಲ್ಲ, ಬೆಳೆದ ಮೀನಿನ ಅಳತೆಗೆ ಆರಿಸಬೇಕು. ತೊಟ್ಟಿ ಚಿಕ್ಕದಾದರೆ ಮೀನೂ ಚಿಕ್ಕದಾಗಿಯೇ ಉಳಿಯುತ್ತದೆ ಎಂಬ ಮಾತನ್ನು ನಂಬಬೇಡಿ. ಇಕ್ಕಟ್ಟಿನಲ್ಲಿ ಮೀನಿನ ತ್ಯಾಜ್ಯದಿಂದ ಬರುವ ಅಮೋನಿಯಾ ಎಂಬ ವಿಷ ಬೇಗನೆ ಹೆಚ್ಚಿ, ಮೀನಿನ ಬೆಳವಣಿಗೆಯ ಜೊತೆಗೆ ಆರೋಗ್ಯವೂ ಕೆಡುತ್ತದೆ.

ಉದ್ದ, ಅಗಲ, ಎತ್ತರಗಳನ್ನು ಅಡಿಗಳಲ್ಲಿ ಗುಣಿಸಿ, ಬಂದ ಮೊತ್ತವನ್ನು ಮತ್ತೆ 28.3ರಿಂದ ಗುಣಿಸಿದರೆ ಲೀಟರ್ ಲೆಕ್ಕ ಸಿಗುತ್ತದೆ. ಒಂದು ಆಸ್ಕರ್‌ಗೆ ಕನಿಷ್ಠ 4 ಅಡಿ ಉದ್ದ, ಒಂದೂವರೆ ಅಡಿ ಅಗಲ ಮತ್ತು ಅಷ್ಟೇ ಎತ್ತರದ, ಅಂದರೆ ಸುಮಾರು 255 ಲೀಟರಿನ ತೊಟ್ಟಿ ಬೇಕು. ನೀರೊಂದೇ 255 ಕಿಲೋ ತೂಗುತ್ತದೆ. ಗಾಜು, ಜಲ್ಲಿಕಲ್ಲುಗಳ ಭಾರ ಬೇರೆ. ಹೀಗಾಗಿ ಸ್ಟ್ಯಾಂಡು ಗಟ್ಟಿಯಾಗಿರಬೇಕು, ನೆಲ ಸಮತಟ್ಟಾಗಿರಬೇಕು.

ಅಂಗಡಿಯವರು ಎತ್ತರದ ತೊಟ್ಟಿಯನ್ನು ಹೊಗಳಿದರೂ, ಮೀನು ಬಾಲ ಮಡಚದೆ ತಿರುಗಲು ಅಗಲವೇ ಮುಖ್ಯ. ಮೂರು ಅಡಿಯವರೆಗೆ ಬೆಳೆಯಬಲ್ಲ ಸಿಲ್ವರ್ ಅರೋವಾನಕ್ಕೆ 8 ಅಡಿ ಉದ್ದ, 3 ಅಡಿ ಅಗಲದ ತೊಟ್ಟಿಯನ್ನು ಯೋಚಿಸುವುದು ಲೇಸು. ಅದು ಚಿಮ್ಮಿ ಹಾರುವ ಮೀನಾದ್ದರಿಂದ ಭಾರವಾದ ಮುಚ್ಚಳವೂ ಅಗತ್ಯ.

ಶಾರ್ಕ್ ಎಂಬ ಹೆಸರಿನಲ್ಲಿ ಮಾರುವ ಪಂಗಾಸ್ ಮರಿಯನ್ನಂತೂ ಮನೆಗೆ ತರಬೇಡಿ. ಅದು ಮೀಟರಿಗಿಂತ ಉದ್ದ ಬೆಳೆಯಬಲ್ಲ, ಗುಂಪಿನಲ್ಲಿ ಬಾಳುವ ನದಿಯ ಮೀನು. ಈಗಾಗಲೇ ತಂದಿದ್ದರೆ ಕೆರೆಗೆ ಬಿಡದೆ, ದೊಡ್ಡ ತೊಟ್ಟಿಯುಳ್ಳ ಸಾಕಣೆದಾರರಿಗೆ ಒಪ್ಪಿಸಿ.