ಚಿರೆಕಲ್ಲು ಎಳೆದು ಭೂಕಂಪ ಕಲಿಸಿದ್ದು

ಭೂಮಿಯ ಹೊರಪದರ ದೊಡ್ಡ ದೊಡ್ಡ ಫಲಕಗಳಾಗಿ ಒಡೆದಿದೆ, ಅವು ಸರಿಯುತ್ತವೆ, ಅಂಚಿನಲ್ಲಿ ಭೂಕಂಪ ಆಗುತ್ತದೆ. ಕಾರವಾರದ ನಮ್ಮ ಹೈಸ್ಕೂಲ್ ಮಕ್ಕಳಿಗೆ ಇಷ್ಟು ಬಾಯಿಪಾಠ. ಆದರೆ ಭಾರತದ ಫಲಕ ಸರಿಯುವುದು ವರ್ಷಕ್ಕೆ ಸುಮಾರು 5 ಸೆಂಟಿಮೀಟರ್. ಇಷ್ಟು ನಿಧಾನದ್ದು ಒಂದೇ ನಿಮಿಷದಲ್ಲಿ ಊರು ಕೆಡವುವುದು ಹೇಗೆ? ಕಲಿಸಬೇಕಾದ್ದು ಇದನ್ನೇ ಅಲ್ವಾ?

ಅದಕ್ಕೆ ನಾನು ಮಾಡಿದ್ದು ಹೀಗೆ. ಉದ್ದದ ಹಲಗೆಗೆ ಒರಟು ಸ್ಯಾಂಡ್‌ಪೇಪರ್ ಅಂಟಿಸಿದೆ. ಚಿರೆಕಲ್ಲಿನ ತುಂಡೊಂದರ ಅಡಿಗೂ ಅದನ್ನೇ ಅಂಟಿಸಿ ಹಲಗೆಯ ಮೇಲಿಟ್ಟೆ. ಕಲ್ಲಿಗೆ ಹಳೇ ಸೈಕಲ್ ಟ್ಯೂಬಿನ ಪಟ್ಟಿ, ಪಟ್ಟಿಗೆ ಹಗ್ಗ. ಕಲ್ಲಿನ ಮೇಲೆ ಎರಡು ಸೀಮೆಸುಣ್ಣ ನಿಲ್ಲಿಸಿ, ಹಗ್ಗವನ್ನು ಒಂದೇ ಸಮ, ನಿಧಾನಕ್ಕೆ ಎಳೆಯಲು ಒಬ್ಬಳಿಗೆ ಹೇಳಿದೆ. ಕೈ ಸರಿಯುತ್ತಲೇ ಇರುತ್ತದೆ, ರಬ್ಬರ್ ಹಿಗ್ಗುತ್ತಲೇ ಇರುತ್ತದೆ, ಕಲ್ಲು ಮಾತ್ರ ಅಲುಗುವುದಿಲ್ಲ, ಆಮೇಲೆ ಒಮ್ಮೆಲೇ ಜಿಗಿದು ಸೀಮೆಸುಣ್ಣ ಉರುಳುತ್ತದೆ. ಎಷ್ಟು ಹಿಗ್ಗಿತು, ಎಷ್ಟು ಜಿಗಿಯಿತು ಅಂತ ಪ್ರತಿ ಸಲ ಬರೆಸಿ. ಲೆಕ್ಕ ಒಂದೇ ಥರ ಬರುವುದಿಲ್ಲ, ಮುಂದಿನ ಜಿಗಿತ ಯಾವಾಗ ಅಂತ ಮೊದಲೇ ಹೇಳಲೂ ಆಗುವುದಿಲ್ಲ. ನನಗೆ ಈ ಪ್ರಯೋಗದಲ್ಲಿ ಬಹಳ ಇಷ್ಟವಾದದ್ದೇ ಇದು.

ನೆಲದಡಿಯ ಬಂಡೆಯೂ ರಬ್ಬರಿನಂತೆ ಸ್ವಲ್ಪ ಬಾಗಿ ಶಕ್ತಿ ಕೂಡಿಟ್ಟುಕೊಳ್ಳುತ್ತದೆ. ಫಲಕಗಳು ಸರಿಯುತ್ತಿದ್ದರೂ ಅವುಗಳ ಅಂಚು ಉಜ್ಜಿಕೊಂಡು ಸಿಕ್ಕಿಹಾಕಿಕೊಂಡಿರುತ್ತದೆ. ಹಿಡಿತ ತಪ್ಪಿದಾಗ ಎಷ್ಟೋ ವರ್ಷಗಳ ಸರಿತ ಒಟ್ಟಿಗೆ ಆಗಿಬಿಡುತ್ತದೆ. 1906ರ ಸ್ಯಾನ್ ಫ್ರಾನ್ಸಿಸ್ಕೋ ಭೂಕಂಪದ ನಂತರ ಅಮೆರಿಕದ ಭೂವಿಜ್ಞಾನಿ ಹ್ಯಾರಿ ಫೀಲ್ಡಿಂಗ್ ರೀಡ್ ಇದನ್ನು ವಿವರಿಸಿದರು. ಅಲ್ಲಿ ಫಲಕಗಳು ಅಕ್ಕಪಕ್ಕ ಉಜ್ಜುತ್ತವೆ. ಹಿಮಾಲಯದಲ್ಲಿ ನಮ್ಮ ಫಲಕ ಯುರೇಷಿಯಾದ ಅಡಿಗೆ ನುಗ್ಗುತ್ತಿದೆ, 2015ರಲ್ಲಿ ನೇಪಾಳ ನಡುಗಿದ್ದು ಅದರಿಂದಲೇ. 2004ರಲ್ಲಿ ಸುಮಾತ್ರಾ ಹತ್ತಿರ ಸಮುದ್ರದಡಿಯ ಅಂಚು ಸಾವಿರ ಕಿಲೋಮೀಟರಿಗೂ ಜಾಸ್ತಿ ಉದ್ದಕ್ಕೆ ಜಾರಿತು, ತೀವ್ರತೆ 9.1.

"ಕಾರವಾರಕ್ಕೆ ಬರುತ್ತಾ ಸರ್?" ಈ ಪ್ರಶ್ನೆ ಬಂದೇ ಬರುತ್ತದೆ. ನಾವು ಅಂಚಿನಿಂದ ದೂರ ಇದ್ದೇವೆ. ಆದರೂ 1993ರ ಲಾತೂರ್ ಭೂಕಂಪ ಫಲಕದ ಒಳಗೇ ಆಗಿತ್ತು, ಹಾಗಾಗಿ ಬರುವುದೇ ಇಲ್ಲ ಅಂತ ನಾನು ಹೇಳುವುದಿಲ್ಲ. ಇನ್ನೊಂದು ಅಂಚು ನಮ್ಮದೇ ಅರಬ್ಬಿ ಸಮುದ್ರದ ಉತ್ತರಕ್ಕೆ, ಪಾಕಿಸ್ತಾನ-ಇರಾನಿನ ಮಕ್ರಾನ್ ಕರಾವಳಿಯಲ್ಲಿದೆ. 1945ರ ನವೆಂಬರಿನಲ್ಲಿ ಅಲ್ಲಿ ಎದ್ದ ಸುನಾಮಿ ಮುಂಬೈವರೆಗೂ ಬಂದಿತ್ತು. ಅದಕ್ಕೇ, ಸಮುದ್ರ ಏಕಾಏಕಿ ಹಿಂದೆ ಸರಿದರೆ ನೋಡಲು ಇಳಿಯಬೇಡಿ, ಗುಡ್ಡ ಹತ್ತಿ ಅಂತ ಅದೇ ಪೀರಿಯಡ್ಡಿನಲ್ಲಿ ಹೇಳಿಬಿಡುತ್ತೇನೆ.