ಎಳೆ ಮಗುವಿನ ಮೂಳೆ ಮುರಿದಾಗ ಏನು ಕೇಳಬೇಕು, ಎಲ್ಲಿ ನೋಡಬೇಕು

ನಾನು ಸಕಲೇಶಪುರದ ಕಡೆ ಕೆಲಸ ಮಾಡುವ ಮೂಳೆ ಡಾಕ್ಟರ್. ಎಳೆ ಮಗುವಿನ ಮೂಳೆ ಮುರಿದಿದ್ದರೆ ಅದು ಅಪಘಾತವೋ, ಕಾಯಿಲೆಯೋ, ಯಾರೋ ಹೊಡೆದದ್ದೋ ಅಂತ ನಾವು ಯೋಚಿಸಬೇಕಾಗುತ್ತದೆ. ಅದಕ್ಕೇ ಹೊಸದಾಗಿ ಡ್ಯೂಟಿಗೆ ಬರುವ ಡಾಕ್ಟರಿಗೂ ಸಿಸ್ಟರಿಗೂ ನಾನು ಮೊದಲು ಹೇಳುವ ಮಾತು ಒಂದೇ. ಎಕ್ಸ್‌ರೇ ನೋಡುವ ಮುಂಚೆ, ಮಗು ನಡೆಯುತ್ತದಾ ಅಂತ ಕೇಳಿ.

ನಡೆಯುವ ಮಗು ಬೀಳುತ್ತದೆ. ಬಿದ್ದರೆ ಮೂಳೆ ಮುರಿಯಬಹುದು. ಆದರೆ ಮಗುಚಿಕೊಳ್ಳಲೂ ಬಾರದ ಮೂರು ತಿಂಗಳ ಕೂಸು ತಾನಾಗಿ ತೊಡೆ ಮುರಿದುಕೊಳ್ಳುವುದಿಲ್ಲ. ಯಾರೋ ಏನೋ ಮಾಡಿರಬೇಕು, ಇಲ್ಲ ಅಪಘಾತ ಆಗಿರಬೇಕು, ಇಲ್ಲ ಮೂಳೆಯಲ್ಲೇ ಕಾಯಿಲೆ ಇರಬೇಕು. ಕೂಸು ಚಿಕ್ಕದಾದಷ್ಟೂ ನಮ್ಮ ಎಚ್ಚರ ಜಾಸ್ತಿ ಇರಬೇಕು.

ಆಮೇಲೆ "ಏನಾಯ್ತಮ್ಮ?" ಅಂತ ಕೇಳಿ, ಸುಮ್ಮನಿರಿ. ಅವರೇ ಹೇಳಲಿ. ಎಷ್ಟು ಎತ್ತರದಿಂದ ಬಿತ್ತು, ಕೆಳಗೆ ಸಿಮೆಂಟಾ ಮಣ್ಣಾ, ಬಿದ್ದದ್ದನ್ನು ಕಣ್ಣಾರೆ ಕಂಡವರು ಯಾರು, ಕೊನೆಯ ಸಲ ಆ ಕಾಲನ್ನು ಚೆನ್ನಾಗಿ ಆಡಿಸಿದ್ದು ಯಾವಾಗ. ತಾಯಿಯನ್ನೊಮ್ಮೆ, ಅಜ್ಜಿಯನ್ನೊಮ್ಮೆ, ತಂದೆಯನ್ನೊಮ್ಮೆ ಬೇರೆ ಬೇರೆಯಾಗಿ ಕೇಳಿ. ಅವರ ಮಾತನ್ನು ಅವರ ಮಾತಲ್ಲೇ ಬರೆದು ಟೈಮ್ ಹಾಕಿ. ತೊಡೆ ಮುರಿದಿದೆ, ಆದರೆ ಏನಾಯ್ತೋ ಯಾರಿಗೂ ಗೊತ್ತಿಲ್ಲ ಅಂದರೆ, ಅಥವಾ ಬೆಳಿಗ್ಗೆ ಹೇಳಿದ್ದು ಸಂಜೆಗೆ ಬದಲಾದರೆ, ಅಲ್ಲಿ ನಿಂತು ಯೋಚಿಸಬೇಕು.

ತಡವಾಗಿ ಕರೆತಂದರು ಅನ್ನುವುದೂ ಒಂದು ಸುಳಿವೇ. ಆದರೆ ನಮ್ಮ ಮಲೆನಾಡಿನಲ್ಲಿ ಅದನ್ನು ಹುಷಾರಾಗಿ ತೂಗಬೇಕು. ಜುಲೈ ಮಳೆಯಲ್ಲಿ ಎಸ್ಟೇಟಿನಿಂದ ಗಾಡಿ ಸಿಗುವುದಿಲ್ಲ. ಮೊದಲು ನಾಟಿ ವೈದ್ಯರ ಹತ್ತಿರ ಕಟ್ಟು ಹಾಕಿಸಿ, ಬಾವು ಇಳಿಯದಿದ್ದಾಗ ನಮ್ಮ ಹತ್ತಿರ ಬರುವವರು ಬೇಕಾದಷ್ಟು ಜನ ಇದ್ದಾರೆ. ಯಾಕೆ ತಡವಾಯ್ತು ಅಂತ ಕೇಳಿ, ಉತ್ತರ ಬರೆದುಕೊಳ್ಳಿ.

ಈಗ ಎಕ್ಸ್‌ರೇ. ಮೂಳೆ ತಿರುಚಿದ ಹಾಗೆ ಮುರಿದಿದ್ದರೆ ಯಾರೋ ಕಾಲು ತಿರುಚಿದ್ದಾರೆ ಅಂತ ಎಷ್ಟೋ ಜನ ನಂಬಿದ್ದಾರೆ. ಅದು ಸರಿಯಲ್ಲ. ಎಸ್ಟೇಟ್ ಕೂಲಿಯವರ ಲೈನ್ ಮನೆಯ ಒಂದೂವರೆ ವರ್ಷದ ಹುಡುಗ ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿದ್ದ. ಪಾದ ಸಿಕ್ಕಿಕೊಂಡು ಮೈ ತಿರುಗಿತ್ತು. ಮೊಣಕಾಲಿನ ಕೆಳಗಿನ ದೊಡ್ಡ ಮೂಳೆಯಲ್ಲಿ ಕೂದಲೆಳೆಯಷ್ಟು ಓರೆ ಗೆರೆ. ಹೊಸದಾಗಿ ನಡೆಯುವ ಮಕ್ಕಳಲ್ಲಿ ಇದು ಮಾಮೂಲಿ. ಮೊದಲ ದಿನದ ಎಕ್ಸ್‌ರೇಯಲ್ಲಿ ಕಾಣದೇ ಇರಲೂಬಹುದು. ಆದರೂ ವಾರ್ಡಿನಲ್ಲಿ ಒಬ್ಬರು, "ಕೂಲಿಯವರು ಸರ್, ಕುಡಿದು ಹೊಡೆದಿರುತ್ತಾರೆ" ಅಂದರು. ಆ ಮಾತು ನನಗೆ ಈಗಲೂ ನೋವು ಕೊಡುತ್ತದೆ. ಅಸ್ಸಾಮಿನಿಂದ ಬಂದ ಕೂಲಿಯವರ ಮಗುವಿಗೆ ಕೇಳುವ ಪ್ರಶ್ನೆಯನ್ನೇ ಬಂಗಲೆಯ ಮಗುವಿಗೂ ಕೇಳಬೇಕು, ಅಲ್ವಾ? ಹೊಡೆತ ಎಲ್ಲ ಮನೆಯಲ್ಲೂ ಆಗಬಹುದು. ಸುಳ್ಳು ಅನುಮಾನವೂ ಒಂದು ಮನೆಯನ್ನು ಒಡೆಯುತ್ತದೆ.

ಕೈ ಊರಿ ಬಿದ್ದು ಮಣಿಕಟ್ಟಿನ ಹತ್ತಿರ ಮೂಳೆ ಸೊಟ್ಟಗಾಗುವುದು, ಮೊಣಕೈ ಮೇಲೆ ಮುರಿಯುವುದು, ಓಡಾಡುವ ಮಕ್ಕಳಲ್ಲಿ ಹೆಚ್ಚಾಗಿ ಅಪಘಾತವೇ. ಎಳೆ ಕೂಸಿನ ಕೊರಳೆಲುಬಿನ ಮೇಲೆ ಗಂಟು ಸಿಕ್ಕಿದರೆ ಹೆರಿಗೆ ಹೇಗಾಯ್ತು ಅಂತ ಕೇಳಿ. ಹೆರಿಗೆಯಲ್ಲಿ ಮುರಿದದ್ದು ಎರಡು ವಾರದೊಳಗೆ ಗಂಟಾಗಿ ಕೈಗೆ ಸಿಗುತ್ತದೆ.

ನನ್ನ ಎದೆ ಧಸಕ್ಕೆನ್ನುವುದು ಬೇರೆ ಮುರಿತಗಳನ್ನು ಕಂಡಾಗ. ಕೂಸಿನ ಪಕ್ಕೆಲುಬು, ಅದರಲ್ಲೂ ಬೆನ್ನುಮೂಳೆಯ ಪಕ್ಕದಲ್ಲಿ. ಎರಡು ಕೈಯಲ್ಲಿ ಎದೆಯನ್ನು ಹಿಡಿದು ಜೋರಾಗಿ ಒತ್ತಿದಾಗ ಅಲ್ಲಿ ಮುರಿಯುತ್ತದೆ. ಮೊಣಕಾಲು, ಕಣಕಾಲುಗಳ ಹತ್ತಿರ ಮೂಳೆಯ ತುದಿಯಲ್ಲಿ ಚಿಕ್ಕ ಚೂರು ಎದ್ದಿರುವುದು. ಕೈಕಾಲು ಹಿಡಿದು ಎಳೆದಾಗ, ಜಾಡಿಸಿದಾಗ ಹೀಗಾಗುತ್ತದೆ. ಹೆಗಲ ಹಿಂದಿನ ಮೂಳೆ, ಎದೆಯ ನಡುಮೂಳೆ ಸುಲಭಕ್ಕೆ ಮುರಿಯುವಂಥವಲ್ಲ. ಇನ್ನೊಂದು, ಬೇರೆ ಬೇರೆ ವಯಸ್ಸಿನ ಮುರಿತಗಳು. ಮುರಿದ ಜಾಗದಲ್ಲಿ ಹೊಸ ಮೂಳೆ ಎಕ್ಸ್‌ರೇಯಲ್ಲಿ ಕಾಣಲು ಸುಮಾರು 7ರಿಂದ 10 ದಿನ ಬೇಕು. "ನಿನ್ನೆ ಬಿತ್ತು" ಅಂತಾರೆ, ಫಿಲ್ಮಿನಲ್ಲಿ ಹೊಸ ಮೂಳೆ ಕೂತಿದೆ. ಹಾಗಾದರೆ ಅದು ನಿನ್ನೆಯದಲ್ಲ. 1946ರಲ್ಲಿ ಅಮೆರಿಕದ ಮಕ್ಕಳ ಎಕ್ಸ್‌ರೇ ತಜ್ಞ ಜಾನ್ ಕ್ಯಾಫಿ, ತಲೆಯೊಳಗೆ ರಕ್ತ ಹೆಪ್ಪುಗಟ್ಟಿದ ಆರು ಕೂಸುಗಳ ಕೈಕಾಲಿನಲ್ಲಿ ಇಂಥ ಮುರಿತಗಳನ್ನು ಕಂಡು ಬರೆದರು. ಇದು ಹೊಡೆತದ ಗುರುತು ಅಂತ ಬಿಡಿಸಿ ಹೇಳಿ ಮಕ್ಕಳ ಡಾಕ್ಟರ್ ಹೆನ್ರಿ ಕೆಂಪ್ ಮತ್ತು ಜೊತೆಗಾರರು ಬರೆದದ್ದು 1962ರಲ್ಲಿ.

ಮಗುವಿನ ಬಟ್ಟೆ ಪೂರ್ತಿ ಬಿಚ್ಚಿ ನೋಡಿ. ಮೊಣಕಾಲು, ಹಣೆಯ ಮೇಲೆ ಪೆಟ್ಟಿನಿಂದ ಕಂದಿದ ಕಲೆ ಓಡಾಡುವ ಮಕ್ಕಳಲ್ಲಿ ಸಾಮಾನ್ಯ. ಕಿವಿ, ಕತ್ತು, ಹೊಟ್ಟೆ, ಬೆನ್ನಿನ ಮೇಲೆ ಇದ್ದರೆ ಅನುಮಾನಿಸಿ. ನಾಲ್ಕು ತಿಂಗಳೊಳಗಿನ ಕೂಸಿನ ಮೈಮೇಲೆ ಎಲ್ಲೇ ಅಂಥ ಕಲೆ ಇದ್ದರೂ ಅನುಮಾನಿಸಿ. ತುಟಿ ಎತ್ತಿ ಬಾಯೊಳಗೂ ನೋಡಿ. ಸೊಂಟದ ಹತ್ತಿರ ಹುಟ್ಟಿನಿಂದ ಇರುವ ನೀಲಿ ಮಚ್ಚೆ ನಮ್ಮ ಮಕ್ಕಳಲ್ಲಿ ತುಂಬಾ ಸಾಮಾನ್ಯ, ಅದನ್ನು ಪೆಟ್ಟು ಅನ್ನಬೇಡಿ.

ಕಾಯಿಲೆ ಇದೆಯಾ ಅಂತಲೂ ನೋಡಲೇಬೇಕು. ಅವಧಿಗೆ ಮುಂಚೆ ಹುಟ್ಟಿದ ಕೂಸು, ವಿಟಮಿನ್ ಡಿ ಹನಿ ಹಾಕದ ಕೂಸು, ಮನೆಯಲ್ಲಿ ಪದೇ ಪದೇ ಮೂಳೆ ಮುರಿದುಕೊಂಡವರು ಇರುವ ಕೂಸು, ಇವರ ಮೂಳೆ ಮೊದಲೇ ಮೆತ್ತಗಿರಬಹುದು. ಕ್ಯಾಲ್ಸಿಯಂ, ಫಾಸ್ಫರಸ್, ಆಲ್ಕಲೈನ್ ಫಾಸ್ಫಟೇಸ್, ವಿಟಮಿನ್ ಡಿ ರಕ್ತ ಪರೀಕ್ಷೆ ಮಾಡಿಸಿ. ಆದರೆ ಕಾಯಿಲೆ ಇರುವ ಮಗುವಿಗೂ ಯಾರಾದರೂ ಹೊಡೆಯಬಹುದು ಅನ್ನುವುದು ನೆನಪಿರಲಿ.

ಅನುಮಾನ ಉಳಿದರೆ ಮನೆಗೆ ಕಳಿಸಬೇಡಿ, ಅಡ್ಮಿಟ್ ಮಾಡಿ. ಎರಡು ವರ್ಷದೊಳಗಿನ ಮಗುವಾದರೆ ಇಡೀ ಮೈಯ ಎಕ್ಸ್‌ರೇ ಬೇಕು. ಒಂದೇ ಫಿಲ್ಮಿನಲ್ಲಿ ಪೂರ್ತಿ ಮಗುವನ್ನು ತೆಗೆಯುವುದಲ್ಲ, ಭಾಗ ಭಾಗವಾಗಿ. ಎರಡು ವಾರ ಬಿಟ್ಟು ಮತ್ತೆ ತೆಗೆಸಿ, ಹೊಸ ಪಕ್ಕೆಲುಬು ಮುರಿತ ಮೊದಲ ಸಲ ಕಾಣದೇ ಹೋಗಬಹುದು. ವರ್ಷದೊಳಗಿನ ಕೂಸಿಗೆ ತಲೆ ಸ್ಕ್ಯಾನ್, ಕಣ್ಣಿನ ಪರೀಕ್ಷೆ ಬೇಕಾಗುತ್ತದೆ. ಹಾಸನದ ದೊಡ್ಡ ಆಸ್ಪತ್ರೆಗೆ ಕಳಿಸುವುದಾದರೆ ಯಾಕೆ ಅಂತ ಚೀಟಿಯಲ್ಲಿ ಸ್ಪಷ್ಟವಾಗಿ ಬರೆಯಿರಿ, ಫೋನನ್ನೂ ಮಾಡಿ. ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸುವ ಮೆಡಿಕೋ-ಲೀಗಲ್ ಕೇಸ್, ಮಾಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದರೆ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯವರೆಗೆ ವಿಷಯ ಮುಟ್ಟುತ್ತದೆ. ಯಾರು ಮಾಡಿದ್ದು ಅಂತ ತೀರ್ಮಾನಿಸುವುದು ನಮ್ಮ ಕೆಲಸವಲ್ಲ. ಮನೆಯವರ ಮೇಲೆ ರೇಗಬೇಡಿ. "ಇಷ್ಟು ಚಿಕ್ಕ ಮಗುವಿಗೆ ಹೀಗಾದರೆ ಎಲ್ಲರಿಗೂ ಇದೇ ಪರೀಕ್ಷೆ ಮಾಡುತ್ತೇವೆ" ಅಂತ ಹೇಳಿ, ಅದು ನಿಜವೂ ಆಗಿರಲಿ. ಆ ಮನೆಯಲ್ಲಿ ಎರಡು ವರ್ಷದೊಳಗಿನ ಇನ್ನೊಂದು ಮಗು ಇದ್ದರೆ ಅದನ್ನೂ ಅವತ್ತೇ ಕರೆಸಿ ನೋಡಿ. ಅವಳಿಯಾದರಂತೂ ಬಿಡಲೇಬೇಡಿ.