ಮಂಗಳೂರು ಕಡೆ ಬೋಟ್ ಕೆಲ್ಸಕ್ಕೆ ಹೋಗೋರು ನೋಡ್ಕೊಳ್ಳಿ
ಸಂಪಾಜೆ ಘಾಟಿ ಇಳ್ದು ಬೋಟ್ ಕೆಲ್ಸಕ್ಕೆ ಹೋಗೋ ನಮ್ಮ ಮಡಿಕೇರಿ, ಕುಶಾಲನಗರದ ಹುಡುಗ್ರು ದಯವಿಟ್ಟು ಓದಿ. ಹಳೇ ಚಾರ್ಟ್ (ಸಮುದ್ರದ ನಕ್ಷೆ) ನಂಬ್ಕೊಂಡು ಹೊರಡ್ಬೇಡಿ, ದಾರಿ ತೋರ್ಸೋ ಯಾವ ಲೈಟ್ ಆರಿದೆ, ಯಾವ ತೇಲೋ ಬೋಯ್ (ಗುರುತು) ಜಾಗ ಬದಲಾಗಿದೆ ಅಂತ ಡೆಹ್ರಾಡೂನಲ್ಲಿರೋ ನೇವಿಯ ಹೈಡ್ರೋಗ್ರಾಫಿಕ್ ಆಫೀಸು ಹದಿನೈದು ದಿನಕ್ಕೊಮ್ಮೆ ನೋಟಿಸ್ ಹಾಕುತ್ತೆ, ಅದ್ನ ನೋಡಿ ಚಾರ್ಟಲ್ಲಿ ತಿದ್ಕೊಳ್ಳಿ. ರಾತ್ರಿ ಲೈಟ್ ಕಂಡ್ತು ಅಂತ ನುಗ್ಬೇಡಿ, ಬಣ್ಣ ನೋಡಿ, ಎಷ್ಟು ಸೆಕೆಂಡಿಗೆ ಎಷ್ಟ್ ಸಲ ಮಿಂಚುತ್ತೆ ಎಣಿಸಿ, ಬಂದರಿಗೆ ಒಳಗೆ ಬರ್ವಾಗ ಕೆಂಪು ಎಡಕ್ಕೆ, ಹಸಿರು ಬಲಕ್ಕೆ ಇರ್ಬೇಕು. ನಂಗೆ ಜಾಸ್ತಿ ಭಯ ಅಳಿವೆ ಬಾಗಿಲಿಂದೇ, ಅಂದ್ರೆ ನದಿ ಸಮುದ್ರ ಸೇರೋ ಜಾಗದ್ದು. ಮಳೆಗಾಲ ಕಳೆದ್ಮೇಲೆ ನೇತ್ರಾವತಿ ಅಳಿವೇಲಿ ಮರಳು ದಿಬ್ಬ ಸರಿದಿರ್ಬಹುದು, ಅಲ್ಲಿನ ಮೊಗವೀರ ಮೀನುಗಾರರನ್ನ ಕೇಳ್ದೆ ಹೋಗ್ಲೇಬೇಡಿ. ವಿಎಚ್‌ಎಫ್ ರೇಡಿಯೋದಲ್ಲಿ ಅಪಾಯದ ಕರೆಗಿರೋ ಚಾನೆಲ್ 16 ಆನ್ ಇರ್ಲಿ, ಕೋಸ್ಟ್ ಗಾರ್ಡ್ ನಂಬರ್ 1554.